ಸಿಪಿಯುಗೆ ತುಂಬಿದ ಉಡಿ

ಆ ಶನಿವಾರ ಮಧ್ಯಾಹ್ನ ಅಣ್ಣ ಸಿಪಿಯುವನ್ನು ಎದೆಗೆ ಅವುಚಿಕೊಂಡು ಮೂರು ಮಹಡಿ ಹತ್ತಿ ಬಂದು ಮೇಜಿನ ಮೇಲೆ ಇಟ್ಟಾಗ ಅದರೊಳಗೆ ಏನೋ ಖಳ್ ಎಂದಿತು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಗಮನ ಕೊಡಲಿಲ್ಲ.

"ಒಳಗ ಏನಿಟ್ಟಿ?" ಎಂದು ಕೇಳಿದೆ.

"ಬಾಂಬು," ಅಂದ. "ಮೊದಲ ನೀರು ಕೊಡು. ರಿಕ್ಷಾದಾಗ ಮೈಯೆಲ್ಲಾ ಪುಡಿ ಆತು."

ಆ ಕಂಪ್ಯೂಟರ್ ನನ್ನದು, ಎಂ.ಎಸ್ಸಿ. ಓದುವಾಗ ಕೊಂಡದ್ದು. ಆಮೇಲೆ ಅತ್ಯಾನ ಮಗಳ ಓದಿಗೆಂದು ಕೊಟ್ಟಿದ್ದೆ. ಅತ್ಯಾ ಅಪ್ಪನ ತಂಗಿ. ಮುಂಬಯಿಯ ಸಾಂತಾಕ್ರೂಜ್‌ನಲ್ಲೇ, ನಮ್ಮ ಬಿಲ್ಡಿಂಗಿನಿಂದ ನಡೆದು ಹೋಗುವಷ್ಟು ದೂರದ ಚಾಳಿನಲ್ಲಿ ಇದ್ದಾಳೆ. ರೊಟ್ಟಿ, ಪಲ್ಯ, ಚಟ್ನಿಪುಡಿಯಂಥ ಹಿಂಡಿ ಮಾಡಿ ಆಫೀಸಿನವರಿಗೆ ಡಬ್ಬಿ ಕಳಿಸುತ್ತಾಳೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳ ಗಂಡ, ನಮ್ಮ ಮಾಮಾ, ತೀರಿಕೊಂಡರು. ಅಂದಿನಿಂದ ಇದೇ ಅವಳ ಕೆಲಸ. ಮಗಳು ಆ ಕಂಪ್ಯೂಟರಿನ ಮುಂದೆ ಎರಡು ವರ್ಷ ಕೂತು ಓದಿ ಪುಣೆಯಲ್ಲಿ ನೌಕರಿ ಹಿಡಿದು ಹೋದ ಮೇಲೆ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಈಗ ವೈನಿಗೆ ಬೇಕಾಯಿತೆಂದು ತರಿಸಿಕೊಂಡಿದ್ದೆವು.

ವೈನಿ ಅಣ್ಣನ ಹೆಂಡತಿ. ನನ್ನ ವಯಸ್ಸಿನವಳೇ. ವಿಜಯಪುರದಿಂದ ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಹನ್ನೊಂದು ಕಡೆ ಅರ್ಜಿ ಹಾಕಿದ್ದಳು. ಕೊನೆಗೆ ಒಂದು ಕಂಪನಿಯಿಂದ ಉತ್ತರ ಬಂತು: ಮನೆಯಲ್ಲೇ ಕೂತು ಗ್ರಾಹಕರ ಕನ್ನಡ ಸಂದೇಶಗಳಿಗೆ ಉತ್ತರ ಬರೆಯುವ ಕೆಲಸ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ, ಒಂದೂವರೆ ಗಂಟೆ. ಮನೆಯಿಂದಲೇ ಬರೆಯಬೇಕು, ಕ್ಯಾಮೆರಾ ಎದುರಿಗಿರಬೇಕು, ಮೊಬೈಲ್ ನಡೆಯುವುದಿಲ್ಲ, ಲಿಂಕ್ ಒಂದೇ ಸಲ ತೆರೆಯುತ್ತದೆ. ನನ್ನ ಲ್ಯಾಪ್‌ಟಾಪ್ ಕಾಲೇಜಿನದು. ಹೊರಗಿನ ಯಾವ ಸಾಫ್ಟ್‌ವೇರನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈ ಹಳೆಯ ಕಂಪ್ಯೂಟರ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ವೈನಿ ಬೆಳಿಗ್ಗೆಯೇ ಕೀಬೋರ್ಡ್ ಒರೆಸಿ, ಮೇಜಿನ ಮೇಲೆ ತೊಳೆದ ಬಟ್ಟೆ ಹಾಸಿ ಕಾಯುತ್ತಿದ್ದಳು.

ನಾನು ಸಿಪಿಯುವನ್ನು ನಿಧಾನವಾಗಿ ಬಲಕ್ಕೆ ವಾಲಿಸಿದೆ, ಆಮೇಲೆ ಎಡಕ್ಕೆ. ಸದ್ದು ಬಂದದ್ದು ಹಿಂಭಾಗದ ಮೇಲ್ಮೂಲೆಯಿಂದ. ಅಲ್ಲಿ ಇರುವುದು ಎಸ್‌ಎಂಪಿಎಸ್; ಗೋಡೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿಗೆ ತಕ್ಕಂತೆ ಕೊಡುವ ಉಕ್ಕಿನ ಪೆಟ್ಟಿಗೆ. ಬೇರೆಲ್ಲಿಂದ ಬಂದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ.

ಅಷ್ಟರಲ್ಲಿ ಅಣ್ಣ ಗ್ಲಾಸು ಇಟ್ಟು ಪ್ಲಗ್ ಸಿಕ್ಕಿಸುತ್ತಿದ್ದ. "ಹಚ್ಚಿ ನೋಡೂಣಲ್ಲ. ಚಾಲೂ ಆದ್ರ ಆತು."

ನಾನು ಪ್ಲಗ್ ಕಿತ್ತೆ. ವೈರಿನ ಇನ್ನೊಂದು ತುದಿಯನ್ನೂ ಸಿಪಿಯುವಿನಿಂದ ಕಿತ್ತು, ಸುತ್ತಿ, ನನ್ನ ಬ್ಯಾಗಿಗೆ ಹಾಕಿ, ಬ್ಯಾಗನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

"ಇದೇನು ಡ್ರಾಮಾ?" ಅಂದ ಅಣ್ಣ.

"ಒಳಗ ಏನದ ಅಂತ ಗೊತ್ತಾಗೂ ತನಕ ಹಚ್ಚಂಗಿಲ್ಲ."

"ಪ್ರೊಫೆಸರ್ ಬಾಯಿ ಹೇಳಿದ ಮ್ಯಾಲೆ ಮುಗೀತು," ಎಂದು ಅಣ್ಣ ವೈನಿಗೆ ಕೇಳುವಂತೆ ಹೇಳಿ ಸ್ನಾನಕ್ಕೆ ಹೋದ.

ನಾನು ಪ್ರೊಫೆಸರ್ ಅಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಅಲ್ಲಿ ನನ್ನ ಅರ್ಧ ಕೆಲಸ ಹುಡುಗರು ಅವಸರದಲ್ಲಿ ಸ್ವಿಚ್ ಹಾಕದಂತೆ ತಡೆಯುವುದು. ಎಸ್‌ಎಂಪಿಎಸ್‌ನ ಒಂದು ಅರ್ಧದಲ್ಲಿ ಗೋಡೆಯ ಕರೆಂಟು ನೇರವಾಗಿ ಬಂದು ನಿಂತಿರುತ್ತದೆ. ಅಲ್ಲಿ ಲೋಹದ ಚೂರು ಬಿದ್ದರೆ ಎಂದೂ ಕೂಡಬಾರದ ಎರಡು ಜಾಗಗಳು ಕೂಡಿಬಿಡಬಹುದು. ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಬೆಂಕಿ, ಅಥವಾ ಹೊರಗಿನ ತಗಡಿಗೇ ಕರೆಂಟು. ತಗಡಿಗೆ ಬಂದ ಕರೆಂಟನ್ನು ನೆಲಕ್ಕೆ ಕಳಿಸಬೇಕಾದದ್ದು ಪ್ಲಗ್ಗಿನ ಮೂರನೆಯ ತೂತು. ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಆ ತೂತು ಹೆಸರಿಗೆ ಮಾತ್ರ ಇದೆ. ಲ್ಯಾಬಿನ ಮೀಟರ್ ತಂದು ನಾನೇ ಅಳೆದು ನೋಡಿದ್ದೆ. ಮೇಜು ಸ್ಟೀಲಿನದು. ವೈನಿ ಒಂದೂವರೆ ಗಂಟೆ ಅದರ ಮೇಲೆ ಎರಡೂ ಕೈ ಊರಿಕೊಂಡು ಕೂರಬೇಕಾಗಿತ್ತು.

ಇದನ್ನೆಲ್ಲ ನಾನು ಯಾರಿಗೂ ವಿವರಿಸಲಿಲ್ಲ. ವಿವರಿಸುವುದು ನನಗೆ ಮನೆಯಲ್ಲಿ ಬರುವುದಿಲ್ಲ. ಅದರ ಫಲವೂ ಸಿಕ್ಕಿತು. ಸಂಜೆ ಚಹಾ ಸೋಸುತ್ತಾ ವೈನಿ ತಲೆ ಎತ್ತದೆ ಕೇಳಿದಳು: "ನಾ ಕೆಲಸ ಮಾಡೂದು ನಿಮಗ ಮನಸ್ಸಿಲ್ಲೇನ್ರಿ?"

ಆ ಮಾತು ನನಗೆ ನಾಟಿತು. "ಪರೀಕ್ಷಾ ನೀ ಬರೀತಿ," ಎಂದೆ. "ಅದು ಹಿಂಗ ಇದ್ದಾಗ ಅಲ್ಲ, ಅಷ್ಟ."

"ಸೋಮವಾರ ತಪ್ಪಿದ್ರ ಮತ್ತ ಕರಿಯಂಗಿಲ್ಲ ಅವರು."

"ನಾಳೆ ಒಂದು ದಿನಾ ಅದ."

ಅವಳು ಕಪ್ಪು ನನ್ನ ಮುಂದಿಟ್ಟು ಹೋದಳು. ನಂಬಿದಳೆಂದು ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಮತ್ತು ವೈನಿ ತರಕಾರಿಗೆ ಹೋದರು, ಅಪ್ಪ ವಾಕಿಂಗಿಗೆ. ಅಣ್ಣ ಇನ್ನೂ ಮಲಗಿದ್ದ. ನಾನು ಸಿಪಿಯುವನ್ನು ಕಿಟಕಿಯ ಬೆಳಕಿಗೆ ತಂದು ನೆಲದ ಮೇಲೆ ಮಲಗಿಸಿದೆ. ಪಕ್ಕದ ತಗಡಿಗೆ ಸ್ಕ್ರೂಗಳೇ ಇರಲಿಲ್ಲ, ತಳ್ಳಿದರೆ ಸರಿಯಿತು. ಒಳಗೆ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಕಿ. ಬರಿಯ ಅಕ್ಕಿಯಲ್ಲ, ಅರಿಷಿಣ ಸವರಿದ ಅಕ್ಕಿ. ಹಾರ್ಡ್ ಡಿಸ್ಕಿನ ಗೂಡಿನಲ್ಲಿ ಒಂದು ಅಡಿಕೆ ಸಿಕ್ಕಿಕೊಂಡಿತ್ತು. ವೈರುಗಳ ಗಂಟಿನಲ್ಲಿ ಒಂದು ಅರಿಷಿಣ ಕೊಂಬು, ಕೆಳಗಿನ ಮೂಲೆಯಲ್ಲಿ ಒಂದು ಉತ್ತತ್ತಿ.

ನಾನು ಕೂತಲ್ಲೇ ಕೂತೆ. ಅದು ಉಡಿ. ನಮ್ಮ ಕಡೆ ಹೊರಟು ನಿಂತ ಹೆಣ್ಣುಮಗಳಿಗೆ ಒಳ್ಳೆಯದಾಗಲಿ ಎಂದು ಸೆರಗಿನಲ್ಲಿ ತುಂಬಿ ಕಳಿಸುವಂಥದ್ದು. ತುಂಬುವವರು ಮುತ್ತೈದೆಯರು. ಗಂಡ ಇಲ್ಲದವರು ತುಂಬುವುದಿಲ್ಲ; ಯಾರೂ ಬೇಡ ಅನ್ನುವುದೂ ಇಲ್ಲ, ಕರೆಯುವುದಿಲ್ಲ ಅಷ್ಟೇ. ಅಣ್ಣನ ಮದುವೆಯಲ್ಲಿ ವೈನಿಗೆ ಉಡಿ ತುಂಬುವಾಗ ಅತ್ಯಾ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಯಾರದೋ ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು. ನಾನು ತಟ್ಟೆ ಹಿಡಿದುಕೊಂಡು ಅವಳನ್ನು ದಾಟಿಯೇ ಹೋಗಿದ್ದೆ. ನಾನೂ ಕರೆಯಲಿಲ್ಲ.

ಈ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಸಿಕ್ಕಿದ್ದನ್ನು ಕರವಸ್ತ್ರದಲ್ಲಿ ಕಟ್ಟಿದೆ. ಉಡಿಯಲ್ಲಿ ನಾಣ್ಯ ಇರಲೇಬೇಕು. ಇಲ್ಲಿ ನಾಣ್ಯ ಇರಲಿಲ್ಲ.

ಅಣ್ಣನನ್ನು ಎಬ್ಬಿಸಿದೆ. "ರಿಕ್ಷಾದಾಗ ಸಿಪಿಯು ಹ್ಯಾಂಗ ಹಿಡಕೊಂಡಿದ್ದಿ?"

"ತಲೆಕೆಳಗ ಮಾಡಿ. ಅದರ ಕೆಳಗಿನ ರಬ್ಬರ್ ಎಲ್ಲಾ ಕಿತ್ತು ಹೋಗ್ಯಾವ, ಮೊಳಿ ತೊಡಿಗೆ ಚುಚ್ಚತಾವ. ಯಾಕ, ಪೊಲೀಸ್ ಕೇಸ್ ಮಾಡ್ತಿಯೇನು?" ಎಂದು ಮಗ್ಗುಲಾದ.

ಅಷ್ಟು ಸಾಕಾಗಿತ್ತು. ಎಸ್‌ಎಂಪಿಎಸ್‌ನ ಫ್ಯಾನು ಸಿಪಿಯುವಿನ ಒಳಗಡೆಗೆ, ಕೆಳಮುಖವಾಗಿ ಇರುತ್ತದೆ. ಸಿಪಿಯು ತಲೆಕೆಳಗಾದರೆ ಆ ಫ್ಯಾನಿನ ಜಾಲರಿ ಬಾಯಿ ತೆರೆದ ತಟ್ಟೆಯಂತಾಗುತ್ತದೆ. ಅಡಿಕೆ ಅದರಲ್ಲಿ ತೂರುವುದಿಲ್ಲ. ಅಂಚಿಗೆ ನಿಂತ ನಾಣ್ಯ ತೂರುತ್ತದೆ.

ನಾಲ್ಕು ಸ್ಕ್ರೂ ಬಿಚ್ಚಿ ಎಸ್‌ಎಂಪಿಎಸ್ ಹೊರತೆಗೆದು ಪೇಪರಿನ ಮೇಲೆ ಬೋರಲು ಹಿಡಿದು ತಟ್ಟಿದೆ. ಏಳೆಂಟು ಅಕ್ಕಿಕಾಳು ಉದುರಿದವು. ಖಳ್ ಅನ್ನುವುದು ಉದುರಲಿಲ್ಲ. ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರಬಹುದು. ಅದನ್ನು ಇಳಿಸಲು ತಕ್ಕ ಸಾಮಾನು ಮನೆಯಲ್ಲಿ ಇರಲಿಲ್ಲ. ಪೆಟ್ಟಿಗೆಯನ್ನೂ ಕರವಸ್ತ್ರದ ಗಂಟನ್ನೂ ಚೀಲಕ್ಕೆ ಹಾಕಿಕೊಂಡು ಮೊದಲು ಅತ್ಯಾನ ಮನೆಗೆ ಹೋದೆ.

ಭಾನುವಾರ ಡಬ್ಬಿ ಇರುವುದಿಲ್ಲ. ಅತ್ಯಾ ವಾರದ ಹಿಂಡಿಗೆ ಶೇಂಗಾ ಹುರಿಯುತ್ತಿದ್ದಳು.

"ಸಿಪಿಯುನ್ಯಾಗ ಏನರ ಇಟ್ಟಿದ್ದೇನು ಅತ್ಯಾ?"

"ನಾ ಯಾಕ ಇಡಲಿ? ಅದೇನು ನನ್ನ ಡಬ್ಬಿಯೇನು?"

"ಒಳಗ ಅಡಿಕಿ ಸಿಕ್ತು."

"ಇಲಿ ಒಯ್ದು ಇಟ್ಟಿರಬೇಕು. ನಮ್ಮ ಚಾಳಿನ ಇಲಿ ಭಾಳ ಶ್ಯಾಣ್ಯಾ ಅವ."

"ಅರಿಷಿಣ ಕೊಂಬೂ ಒಯ್ದಾವ. ಉತ್ತತ್ತಿನೂ."

ಸೌಟು ಬಾಣಲೆಯಲ್ಲಿ ಎರಡು ಸುತ್ತು ತಿರುಗಿತು. "ಯಾರ್ಯಾರು ನೋಡ್ಯಾರ?"

"ನಾ ಒಬ್ಬಾಕಿ."

ಅತ್ಯಾ ಗ್ಯಾಸ್ ಸಣ್ಣ ಮಾಡಿದಳು. ನನ್ನ ಮುಖ ನೋಡಲಿಲ್ಲ. ಅವಳು ಹೇಗೆ ಸುಮ್ಮನಾಗುತ್ತಾಳೆಂದು ನನಗೆ ಗೊತ್ತು. ನಾನೂ ಹಾಗೆಯೇ ಸುಮ್ಮನಾಗುವವಳು.

"ಅತ್ಯಾ, ಯಾಕ ಅಂತ ಕೇಳಂಗಿಲ್ಲ. ಎಷ್ಟು ಅಂತ ಕೇಳತೇನಿ. ಒಂದೂ ಬಿಡಬ್ಯಾಡ."

"ಒಂದು ಹಿಡಿ ಅಕ್ಕಿ," ಎಂದಳು ಬಾಣಲೆಗೆ. "ಅಡಿಕಿ ಒಂದು. ಕೊಂಬು ಒಂದು. ಉತ್ತತ್ತಿ ಒಂದು."

"ರೊಕ್ಕಾ?"

"ಎರಡು. ರೂಪಾಯಿವು."

"ಎರಡ್ಯಾಕ?"

"ಯಾಕ ಅಂತ ಕೇಳಂಗಿಲ್ಲ ಅಂದಿ."

ಸೌಟು ಕೆಳಗಿಟ್ಟು ಅವಳೇ ಹೇಳಿದಳು: "ಅದರ ಮುಂದ ಕೂತು ನನ್ನ ಮಗಳು ಒಂದು ದಾರಿಗೆ ಹತ್ತಿದಳು. ಈಗ ನಿಮ್ಮ ವೈನಿ ಕೂಡತಾಳ. ಒಂದು ಅಕಿ ಹೆಸರಿಲೆ, ಒಂದು ಇಕಿ ಹೆಸರಿಲೆ. ಬರೇ ಕಳಿಸಾಕ ಮನಸ್ಸಾಗಲಿಲ್ಲ. ಅಕಿ ಕೈಯಾಗಂತೂ ಕೊಡಾಕ ಬರಂಗಿಲ್ಲ." ಆಮೇಲೆ, "ಯಾರಿಗೂ ಹೇಳಬ್ಯಾಡ ಮತ್ತ."

"ಹೇಳಂಗಿಲ್ಲ," ಎಂದು ಎದ್ದೆ.

ಸ್ಟೇಷನ್ ಬದಿಯ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿಯ ಒಂದು ಸಣ್ಣ ಅಂಗಡಿ ಇದೆ. ಅಂಗಡಿಯವರು ಕಲಬುರಗಿ ಕಡೆಯವರು, ನಡುವಯಸ್ಸು. ಭಾನುವಾರ ಒಂದು ಗಂಟೆಗೆ ಷಟರ್ ಇಳಿಸುತ್ತಾರೆ. ನಾನು ಹೋದಾಗ ಹನ್ನೆರಡಾಗಿತ್ತು. ಅವರು ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸ್ಕ್ರೂ ಉದುರೇದ್ರಿ ಮೇಡಂ. ಟೆನ್ಶನ್ ತಗೋಬ್ಯಾಡ್ರಿ. ಹಚ್ಚಿ ನೋಡೂಣು, ಹೋದ್ರ ಫ್ಯೂಜ್ ಹೋಗ್ತದ."

"ಹಚ್ಚೂದು ಬ್ಯಾಡ. ಬಿಚ್ಚಿ ನೋಡ್ರಿ."

"ಸಂಡೇ ದಿನಾ ನಿಮ್ಮಂಥವರ ಬರ್ತಾರ ನೋಡ್ರಿ," ಎಂದು ನಗುತ್ತಾ ಬಿಚ್ಚಿದರು. ಮುಚ್ಚಳ ತೆಗೆದ ಕೂಡಲೇ ವೈರು ಬೆಸೆದ ಒಂದು ರೆಸಿಸ್ಟರನ್ನು ದೊಡ್ಡ ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿ ಹಿಡಿದರು, ಉಳಿದ ಕರೆಂಟು ಇಳಿದುಹೋಗಲಿ ಎಂದು. ಬಾಯಲ್ಲಿ ಏನೇ ಹೇಳಲಿ, ಅವರ ಕೈಗೆ ಕೆಲಸ ಗೊತ್ತಿತ್ತು. ಅಲ್ಲಿಂದ ನಾನು ಅವರನ್ನು ನಂಬಿದೆ.

ನಾಣ್ಯ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ, ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿಗೆ ಆತು ನಿಂತಿತ್ತು. ಅವರು ಅದನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರು. ನಗು ನಿಂತಿತ್ತು.

"ಇದು ಹ್ಯಾಂಗ ಹೋತ್ರಿ ಒಳಗ?"

"ಹೋತು."

ಅವರು ಬ್ರಷ್‌ನಿಂದ ಧೂಳು ಹೊಡೆದು ಮುಚ್ಚಳ ಹಾಕಲು ಹೊರಟರು.

"ಇನ್ನೊಂದು ಅದ," ಎಂದೆ.

"ಇಲ್ರಿ ಮೇಡಂ. ಕೇಳ್ರಿ." ಪೆಟ್ಟಿಗೆಯನ್ನು ನನ್ನ ಮುಂದೆಯೇ ಅಲ್ಲಾಡಿಸಿದರು. ಸದ್ದಿರಲಿಲ್ಲ. "ನೋಡಿದ್ರಿಲ್ಲ, ಕ್ಲೀನ್."

"ಸಪ್ಪಳಿಲ್ಲ ಅಂದ್ರ ಇಲ್ಲ ಅಂತ ಅಲ್ಲ. ಎರಡು ಹೋಗ್ಯಾವ."

"ಎಣಿಸಿ ಹಾಕಿದಂಗ ಹೇಳ್ತೀರಲ್ಲ."

"ಎಣಿಸೇ ಹಾಕ್ಯಾರ."

ಅವರು ಗಡಿಯಾರ ನೋಡಿದರು. ಷಟರಿನ ಹೊರಗೆ ಸ್ಟೂಲಿತ್ತು. ನಾನು ಅದನ್ನು ಒಳಗೆಳೆದು ಕೂತೆ. ಆ ಹೊತ್ತಿನಲ್ಲಿ ನನಗೆ ಒಂದು ಕ್ಷಣ ಸಂಶಯವೂ ಬಂತು. ಎರಡನೆಯದು ರಿಕ್ಷಾದಲ್ಲೇ ಬಿದ್ದುಹೋಗಿದ್ದರೆ? ಇರಬಹುದು. ಆದರೆ ಬಿದ್ದುಹೋಗಿರಬಹುದು ಎಂಬುದರ ಮೇಲೆ ವೈನಿಯನ್ನು ಕೂರಿಸಲು ನಾನು ತಯಾರಿರಲಿಲ್ಲ. "ಬೋರ್ಡ್ ಎತ್ತಿ ನೋಡ್ರಿ," ಎಂದೆ.

ಅವರು ಗೊಣಗುತ್ತಲೇ ಬೋರ್ಡಿನ ನಾಲ್ಕು ಮೂಲೆಯ ಸ್ಕ್ರೂ ತೆಗೆದು ಅದನ್ನು ಪಕ್ಕಕ್ಕೆ ಮಗುಚಿದರು. ನಾಣ್ಯ ಬೋರ್ಡಿನ ಕೆಳಗೆ, ಬೆಸುಗೆಯ ಮೊನೆಗಳಿಗೂ ತಳದ ಪ್ಲಾಸ್ಟಿಕ್ ಹಾಳೆಗೂ ನಡುವೆ ಚಪ್ಪಟೆಯಾಗಿ ಕೂತಿತ್ತು. ಅಲ್ಲಾಡಲು ಜಾಗವಿರಲಿಲ್ಲ, ಅದಕ್ಕೇ ಸದ್ದಿರಲಿಲ್ಲ. ಗೋಡೆಯ ಕರೆಂಟು ಬರುವ ಅರ್ಧ ಅದು. ನಾಣ್ಯದ ಕೆಳಗೆ ಹಾಳೆ ಹರಿದು ತಗಡು ಕಾಣುತ್ತಿತ್ತು.

ಅಂಗಡಿಯವರು ನಾಣ್ಯ ಎತ್ತಿ ಮೊದಲನೆಯದರ ಪಕ್ಕದಲ್ಲಿಟ್ಟರು. ಆಮೇಲೆ, "ಒಂದು ತಗದು ಮುಚ್ಚಿ ಕೊಟ್ಟಿದ್ದೆಂದ್ರ..." ಎಂದು ಅಲ್ಲಿಗೇ ಬಿಟ್ಟರು.

"ಹೊಸಾದು ಕೊಡ್ರಿ," ಎಂದೆ.

"ಹಾಳಿ ಬದಲಿ ಮಾಡಿ ಕೊಡ್ತೀನಿ, ಇದೂ ನಡೀತದ."

"ಬ್ಯಾಡ. ಕಟರ್ ಕೊಡ್ರಿ ಒಂದು ಸಲ."

ಹಳೆಯ ಎಸ್‌ಎಂಪಿಎಸ್‌ನ ವೈರುಗಳನ್ನೆಲ್ಲ ಬುಡಕ್ಕೆ ಕತ್ತರಿಸಿದೆ, ಮತ್ತೆ ಯಾರದೂ ಕಂಪ್ಯೂಟರಿಗೆ ಅದು ಸೇರದಂತೆ. ಅವರು ತಡೆಯಲಿಲ್ಲ. ಹೊಸದನ್ನು ತಮ್ಮ ಮೇಜಿನ ಮೇಲೆ ಹಚ್ಚಿ, ಅಳೆದು ತೋರಿಸಿ ಕೊಟ್ಟರು.

ಅಲ್ಲಿಂದ ಮತ್ತೆ ಅತ್ಯಾನ ಮನೆಗೆ ಹೋದೆ. ಕರವಸ್ತ್ರ ಬಿಚ್ಚಿ ಅಡಿಕೆ, ಕೊಂಬು, ಉತ್ತತ್ತಿ, ಎರಡು ನಾಣ್ಯ ಅವಳ ಮುಂದಿಟ್ಟೆ.

"ಸುಟ್ಟು ಹೋಗ್ತಿತ್ತೇನು?" ಎಂದಳು.

ಇಲ್ಲ ಎಂದುಬಿಡಬಹುದಾಗಿತ್ತು. "ಹೋಗ್ತಿತ್ತು. ವೈನಿ ಕೈ ಮೇಜಿನ ಮ್ಯಾಲೆ ಇರ್ತಿತ್ತು."

ಅತ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅದಕ್ಕ ಮಂದಿ ನನ್ನಂಥಾಕಿ ಕೈಯಾಗ..."

"ಅದಲ್ಲ," ಎಂದೆ, ನನಗೇ ಅಭ್ಯಾಸವಿಲ್ಲದಷ್ಟು ಜೋರಾಗಿ. "ಮುತ್ತೈದಿ ಹಾಕಿದ್ರೂ ಅಷ್ಟ ಆಗ್ತಿತ್ತು. ಕರೆಂಟಿಗೆ ಯಾರ ಕೈ ಅಂತ ಗೊತ್ತಿರಂಗಿಲ್ಲ. ನೀ ಎಷ್ಟು ಅಂತ ಹೇಳಲಿಲ್ಲಂದ್ರ ಇವತ್ತು ಒಂದು ತಗದು ಮುಚ್ಚಿ ಬಿಡ್ತಿದ್ವಿ."

ಅವಳು ನಾಣ್ಯಗಳನ್ನು ಮುಟ್ಟಲಿಲ್ಲ.

"ನಾಳೆ ಹತ್ತೂವರಿಗೆ ಬಾ," ಎಂದೆ. "ಇದನ್ನ ವೈನಿ ಕೈಯಾಗ ಕೊಡು. ಪೆಟಗಿ ಒಳಗ ಅಲ್ಲ."

"ನಿಮ್ಮವ್ವ ಏನಂತಾಳ?"

"ಅವ್ವನ ಜೋಡಿ ನಾ ಮಾತಾಡ್ತೇನಿ. ನಿನಗ ಕೊಟ್ಟ ಮಾತು ಮುರೀಬೇಕಾಗ್ತದ. ಒಪ್ಪಿದ್ರ ಹೇಳು."

ಅತ್ಯಾ ಬಹಳ ಹೊತ್ತು ಶೇಂಗಾದ ಸಿಪ್ಪೆ ತಿಕ್ಕಿದಳು. "ಹೇಳು," ಎಂದಳು ಕೊನೆಗೆ. "ನಿಮ್ಮ ವೈನಿ ಒಲ್ಲೆ ಅಂದ್ರ ನನಗ ಫೋನ್ ಮಾಡಬ್ಯಾಡ. ನಾ ತಿಳಕೋತೇನಿ."

ಮನೆಗೆ ಬಂದು ಹೊಸ ಎಸ್‌ಎಂಪಿಎಸ್ ಕೂರಿಸಿದೆ. ಸಿಪಿಯುವಿನ ಒಳಗೆ ಟಾರ್ಚ್ ಹಿಡಿದು ಮೂಲೆಮೂಲೆ ನೋಡಿ ಅಕ್ಕಿಕಾಳು ಆರಿಸಿ ತೆಗೆದೆ, ತಗಡಿಗೆ ನಾಲ್ಕು ಸ್ಕ್ರೂ ಹಾಕಿದೆ. ಮೇಜಿನ ಕೆಳಗೆ ಹಲಗೆ ಹಾಸಿ, ಅಡುಗೆಮನೆಯ ಹೊಸ ವೈರಿಂಗಿನ, ಮೂರನೆಯ ತೂತು ನಿಜವಾಗಿ ಕೆಲಸ ಮಾಡುವ ಪಾಯಿಂಟಿನಿಂದ ವೈರು ಎಳೆದೆ. ವೈನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನಿತ್ರಿ ಒಳಗ?"

ನಾನು ಎಲ್ಲವನ್ನೂ ಹೇಳಿದೆ. ಬಹುಶಃ ನಾನು ಆ ಮನೆಯಲ್ಲಿ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಎರಡನೆಯ ನಾಣ್ಯ ಎಲ್ಲಿತ್ತೆಂದು ಹೇಳುವಾಗ ವೈನಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ನಿನ್ನೆ ನಾ ನಿಮಗ ಹಂಗ ಅನಬಾರದಾಗಿತ್ತು."

"ನಾ ಹೇಳಬೇಕಾಗಿತ್ತು," ಎಂದೆ. "ನಾಳೆ ಅತ್ಯಾ ಬಂದ್ರ ತಗೋತಿಯೇನು? ಒಲ್ಲೆ ಅಂದ್ರ ಒಲ್ಲೆ ಅನ್ನು. ಉಡಿ ನಿಂದು."

"ಮದುವ್ಯಾಗ ಅವರು ಯಾಕ ಮುಂದ ಬರಲಿಲ್ಲ ಅಂತ ಆವಾಗ ನನಗ ಗೊತ್ತಾಗಲಿಲ್ಲ," ಎಂದಳು ವೈನಿ. "ಬರ್ಲಿ."

ಅವ್ವನಿಗೆ ಅಡುಗೆಮನೆಯಲ್ಲಿ ಹೇಳಿದೆ. ಅವ್ವ ಒಗೆದ ಬಟ್ಟೆ ಮಡಚುತ್ತಿದ್ದಳು; ಮಡಚುತ್ತಲೇ ಇದ್ದಳು. "ಮಂದಿ ಏನಂತಾರ?" ಎಂದಳು. "ಮನ್ಯಾಗ ಯಾವ ಮಂದಿ ಇದ್ದಾರ?" ಎಂದೆ. "ನಿಂದಿನ್ನೂ ಲಗ್ನಾ ಆಗಬೇಕಾಗೇದ," ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. "ಅತ್ಯಾ ಹತ್ತೂವರಿಗೆ ಬರ್ತಾಳ," ಎಂದು ಮಾತ್ರ ಇನ್ನೊಮ್ಮೆ ಹೇಳಿದೆ. ಆಮೇಲೆ ಅತ್ಯಾನಿಗೆ ಫೋನ್ ಮಾಡಿ ಬಾ ಎಂದೆ.

ಸೋಮವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿದೆ. ಹತ್ತಕ್ಕೆ ಎಲ್ಲರನ್ನೂ ಬಾಗಿಲ ಹೊರಗಿನ ಗ್ಯಾಲರಿಗೆ ಕಳಿಸಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಲ್ಯಾಬಿನಿಂದ ತಂದಿಟ್ಟುಕೊಂಡಿದ್ದ ಮೀಟರನ್ನು ತಗಡಿಗೆ ಹಿಡಿದು ನೋಡಿದೆ. ಸೊನ್ನೆ. ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ನೋಡಿದೆ. ಸೊನ್ನೆ. ಗ್ಯಾಲರಿಯಿಂದ ಅಣ್ಣ, "ಮೇಡಂ, ನಾವು ಒಳಗ ಬರಬಹುದೇನ್ರಿ?" ಎಂದ. ಬರಬಹುದು ಎಂದೆ.

ಅತ್ಯಾ ಹತ್ತೂ ಮುಕ್ಕಾಲಿಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವ್ವ ಒಳಗಿನಿಂದ ಒಂದು ಮಣೆ ತಂದು ನಡುಮನೆಯಲ್ಲಿ ಹಾಕಿದಳು. ಯಾರ ಮುಖವನ್ನೂ ನೋಡಲಿಲ್ಲ. "ಹೊತ್ತಾಗ್ತದ, ಲಗೂ ಮಾಡ್ರಿ," ಎಂದು ಒಳಗೆ ಹೋದಳು.

ವೈನಿ ಮಣೆಯ ಮೇಲೆ ಕೂತು ದುಪಟ್ಟಾ ಒಡ್ಡಿದಳು. ಅತ್ಯಾ ಅಕ್ಕಿ ಹಾಕಿದಳು, ಒಂದೊಂದಾಗಿ ಉಳಿದದ್ದನ್ನು ಹಾಕಿದಳು. ಒಂದು ಕಾಳೂ ಹೊರಗೆ ಬೀಳಲಿಲ್ಲ. ವೈನಿ ಅವಳ ಕಾಲಿಗೆ ನಮಸ್ಕರಿಸಿ, ತುಂಬಿದ ದುಪಟ್ಟಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರ ಕಂಪ್ಯೂಟರಿನ ಮೇಜಿನ ಕಡೆಗೆ ಹೊರಟಳು.

"ಅ‌ಲ್ಲಿ ಬ್ಯಾಡ," ಎಂದೆವು ಅತ್ಯಾ ಮತ್ತು ನಾನು, ಇಬ್ಬರೂ ಒಟ್ಟಿಗೆ.

ವೈನಿ ತಿರುಗಿ ಅಡುಗೆಮನೆಗೆ ಹೋಗಿ ಅದನ್ನು ಡಬ್ಬಿಗೆ ಸುರಿದು, ಕೈ ತೊಳೆದು ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ನಾವೆಲ್ಲ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆವು. ಹನ್ನೊಂದಕ್ಕೆ ಕೀಬೋರ್ಡಿನ ಸದ್ದು ಶುರುವಾಯಿತು.